ಹಳೇ ಜೀಪನ್ನೇ ಸರಿ ಮಾಡಿಸುವುದಾ, ಜಿಪ್ಸಿ ತಗೊಳ್ಳುವುದಾ, ಹಳೇ ಥಾರ್ ನೋಡುವುದಾ? ಕೊಡಗಿನ ತೋಟದ ದಾರಿಗೆ ಒಂದು ಹೋಲಿಕೆ

ಮೇ ತಿಂಗಳು ಬಂತೆಂದರೆ ತೋಟ ಇರುವವರ ನಡುವೆ ಈ ಮಾತು ಶುರುವಾಗುತ್ತದೆ. ಶೆಡ್ಡಿನಲ್ಲಿ ಅಪ್ಪನ ಕಾಲದ ಜೀಪು ನಿಂತಿದೆ. ಹೋದ ಮಳೆಗಾಲದಲ್ಲಿ ಒಂದೆರಡು ಸಲ ಕೈಕೊಟ್ಟಿದೆ. ಅದಕ್ಕೇ ಇನ್ನಷ್ಟು ದುಡ್ಡು ಸುರಿಯುವುದಾ? ಮಾರಿ ಮಾರುತಿಯ ಜಿಪ್ಸಿ ತೆಗೆದುಕೊಳ್ಳುವುದಾ? ಇಲ್ಲ, 2010ರಲ್ಲಿ ಬಂದ ಮಹೀಂದ್ರಾದ ಮೊದಲ ಥಾರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದಾ ನೋಡುವುದಾ? ಹೊಸ ಗಾಡಿಯ ಬೆಲೆ ಕೇಳಿ ಸುಮ್ಮನಾದವರೇ ಜಾಸ್ತಿ. ಹಾಗಾಗಿ ಹೊಸದರ ವಿಚಾರ ಇಲ್ಲಿ ಬಿಟ್ಟಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ನೋಡಿ ಗಾಡಿ ಆರಿಸಬೇಡಿ. ಎಂಜಿನ್ ಬಿಚ್ಚಿ ಕಟ್ಟಬಹುದು. ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ತುಕ್ಕು ಹಿಡಿದಿದ್ದರೆ, ಕಾಗದ ಸರಿ ಇಲ್ಲದಿದ್ದರೆ, ಕೈ ಹಾಕುವ ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದಿದ್ದರೆ ಯಾವ ಹೆಸರಿನ ಗಾಡಿಯಾದರೂ ನಮ್ಮ ಕಡೆ ತಲೆನೋವೇ.

ಯಾವುದರ ಮೇಲೆ ಅಳೆಯುವುದು

ಮೊದಲು ಕೆಲಸ. ಗೊಬ್ಬರ, ಕಾಫಿ ಹಣ್ಣಿನ ಮೂಟೆ, ಔಷಧಿ ಹೊಡೆಯುವ ಡ್ರಮ್ಮು ಸಾಗಿಸಲು ಬೇಕಾ? ಮಳೆಗಾಲದಲ್ಲಿ ಮನೆಯವರನ್ನು ರಸ್ತೆಗೆ ಮುಟ್ಟಿಸಲು ಬೇಕಾ? ರಜೆಯ ದಿನ ಬೆಟ್ಟ ಹತ್ತಲು ಬೇಕಾ? ಮೂರಕ್ಕೂ ಒಂದೇ ಗಾಡಿ ಎನ್ನುವವರು ಮೂರರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಎರಡನೆಯದು ತುಕ್ಕು. ಇದನ್ನು ಜನ ಮಳೆಯ ಲೆಕ್ಕಕ್ಕೆ ಹಾಕಿ ಬಿಡುತ್ತಾರೆ. ಮಳೆಗಿಂತ ಕೆಟ್ಟದ್ದು ನಾವೇ ಗಾಡಿಯೊಳಗೆ ಹಾಕುವ ಸಾಮಾನು. ಪೊಟ್ಯಾಶ್ ಗೊಬ್ಬರ ಅಂದರೆ ಒಂದು ಬಗೆಯ ಉಪ್ಪೇ. ಚೀಲದ ತೂತಿನಿಂದ ಉದುರಿದ್ದು ಫ್ಲೋರ್ ಮ್ಯಾಟಿನ ಅಡಿ ಸೇರಿ, ಒದ್ದೆಯಾಗಿ, ತಗಡನ್ನು ತಿನ್ನುತ್ತಲೇ ಇರುತ್ತದೆ. ಗಿಡಕ್ಕೆ ಹೊಡೆಯುವ ಬೋರ್ಡೋ ಔಷಧಿಗೆ ಬಳಸುವ ಮೈಲುತುತ್ತ ಇನ್ನೂ ಜೋರು. ಅದರ ನೀರು ಕಬ್ಬಿಣಕ್ಕೆ ತಾಗಿದರೆ ಮೇಲೆ ತಾಮ್ರ ಕೂರುತ್ತದೆ, ಅಡಿಯ ಕಬ್ಬಿಣ ಕರಗುತ್ತಾ ಹೋಗುತ್ತದೆ. ಅದಕ್ಕೇ ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುವುದು. ಡ್ರಮ್ಮು ಪ್ಲಾಸ್ಟಿಕ್ಕಿನದು ಬೇಕು ಎನ್ನುವ ನಾವೇ ಅದನ್ನು ಜೀಪಿನ ತಗಡಿನ ಮೇಲೆ ಚೆಲ್ಲಾಡಿಕೊಂಡು ಹೋಗುತ್ತೇವೆ. ತೋಟದಲ್ಲಿ ದುಡಿದ ಗಾಡಿ ನೋಡುವಾಗ ಬಾನೆಟ್ ಎತ್ತುವ ಮೊದಲು ಹಿಂದಿನ ಫ್ಲೋರ್ ನೋಡಿ.

ಮೂರನೆಯದು ಬಿಡಿಭಾಗ ಮತ್ತು ಕೈ. ಬೇಕಾದ ಸಾಮಾನು ಗೋಣಿಕೊಪ್ಪ, ಕುಶಾಲನಗರ, ಮಡಿಕೇರಿಯಲ್ಲಿ ಸಿಗುತ್ತದಾ, ಮೈಸೂರಿನಿಂದ ತರಿಸಬೇಕಾ? ಆಗಸ್ಟ್ ಮಳೆಯಲ್ಲಿ ಭಾಗಮಂಡಲದ ಆಚೆ ಗಾಡಿ ನಿಂತರೆ ಬಂದು ನೋಡುವವರು ಯಾರು? ಈ ಪ್ರಶ್ನೆಗೆ ಒಬ್ಬ ಮನುಷ್ಯನ ಹೆಸರು ಉತ್ತರವಾಗಿ ಬರಬೇಕು. "ಯಾರಾದರೂ ಸಿಗುತ್ತಾರೆ" ಎಂಬುದು ಉತ್ತರ ಅಲ್ಲ.

ನಾಲ್ಕನೆಯದು ಕಾಗದ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಕಾರು ವರ್ಗಕ್ಕೆ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10000 ಆಯಿತು. ಹಸಿರು ತೆರಿಗೆ, ವಿಮೆ ಬೇರೆ. ತೋಟದ ಗೇಟು ದಾಟದ ಜೀಪಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಗೇಟಿನ ಹೊರಗಿನ ಹತ್ತು ಮೀಟರ್ ಸಾರ್ವಜನಿಕ ರಸ್ತೆಯಲ್ಲಿ ಏನಾದರೂ ಆದರೆ ವಿಮೆ ಇಲ್ಲದ ಗಾಡಿ ತೋಟವನ್ನೇ ನುಂಗಬಹುದು.

ಕೊನೆಯದು ದುಡ್ಡು. ಕೊಳ್ಳುವ ಬೆಲೆ ಒಂದು, ಮೊದಲ ವರ್ಷ ಮೇಲೆ ಬೀಳುವ ಖರ್ಚು ಇನ್ನೊಂದು. ಹಳೇ ಫೋರ್ ವ್ಹೀಲ್ ಗಾಡಿ (ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು) ತೆಗೆದುಕೊಳ್ಳುವವರು ಬೆಲೆಯ ಮೂರನೇ ಒಂದು ಪಾಲಾದರೂ ಬೇರೆ ತೆಗೆದಿಡಬೇಕು. ಅಷ್ಟು ಉಳಿಯದಿದ್ದರೆ ಒಂದು ಹಂತ ಕಡಿಮೆ ಬೆಲೆಯ ಗಾಡಿ ನೋಡುವುದೇ ವಾಸಿ.

ಶೆಡ್ಡಿನಲ್ಲಿರುವ ಮಹೀಂದ್ರಾ ಜೀಪು

ಎಂಎಂ 540, 550, ಮೇಜರ್, ಕಮಾಂಡರ್ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತೇನೆ. ಎಂಎಂ 540ಯಲ್ಲಿರುವುದು ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್. ಮುಂದೆ ಹಿಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗ್, ಕಂಪ್ಯೂಟರ್ ಅನ್ನುವುದೇ ಇಲ್ಲ. ಓಟ ನಿಧಾನ. ಮೈಸೂರಿಗೆ ಹೋಗಿ ಬಂದರೆ ಸೊಂಟ ಕೇಳಬೇಡಿ. ಆದರೆ ಮೂಟೆ ಹೇರಿ ಕೆಸರಿನ ಏರು ಹತ್ತುವ ಕೆಲಸಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ಗಾಡಿ ನಮ್ಮಲ್ಲಿ ಇಲ್ಲ.

ಇದನ್ನು ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವುದನ್ನು ಒಂದು ಬೆಳಿಗ್ಗೆ ಕೂತು ತೀರ್ಮಾನಿಸಬಹುದು. ಗಾಡಿಯ ಅಡಿಗೆ ಗೋಣಿ ಹಾಸಿ ಮಲಗಿ. ಕೈಯಲ್ಲೊಂದು ಸಣ್ಣ ಸುತ್ತಿಗೆ ಮತ್ತು ಹಳೇ ಸ್ಕ್ರೂಡ್ರೈವರ್ ಇರಲಿ. ಹಿಂದಿನ ಪ್ಲೇಟ್ ಸೆಟ್ಟು ಚಾಸಿಗೆ ಸೇರುವ ಶ್ಯಾಕಲ್ ಜಾಗ, ಬಾಡಿ ಕೂರುವ ಬ್ರಾಕೆಟ್ಟುಗಳು, ಗೇರ್ ಬಾಕ್ಸ್ ಹೊತ್ತಿರುವ ಅಡ್ಡಪಟ್ಟಿ, ಇಷ್ಟನ್ನೂ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಸೊರಗಿದ್ದು ಡಬ್ ಎನ್ನುತ್ತದೆ, ಪದರ ಪದರವಾಗಿ ಕೆಂಪು ಚೂರು ಮುಖದ ಮೇಲೆ ಉದುರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ತುದಿ ಒಳಗೆ ಹೋದರೆ ಚಾಸಿ ಕೆಲಸ ಇದೆ. ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಪಡಿ, ಅದರ ಮೇಲೂ ಬಡಿಯಿರಿ. ಒಂದು ಕಡೆ ತೂತಾಗಿದ್ದರೆ ಒಳ್ಳೆ ವೆಲ್ಡರ್ ಹತ್ತಿರ ಪ್ಲೇಟ್ ಹಾಕಿಸಬಹುದು. ಎರಡೂ ಕಡೆಯ ಶ್ಯಾಕಲ್ ಜಾಗವೇ ಹೋಗಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಜೀಪಿಗೆ ದುಡ್ಡು ಹಾಕಬೇಡಿ.

ಚಾಸಿ ಪಾಸಾಯಿತಾ? ಈಗ ಎಂಜಿನ್. ರಾತ್ರಿಯಿಡೀ ತಣ್ಣಗಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿ ಹೊಗೆ ನೋಡಿ. ಬೆಳಿಗ್ಗೆ ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತರೆ ಹೀಟರ್ ಪ್ಲಗ್ ಕಡೆ ಮೊದಲು ನೋಡಿ, ಅದು ಸಣ್ಣ ಖರ್ಚು. ಏರು ಹತ್ತುವಾಗ ಕಪ್ಪು ಹೊಗೆ ಎಂದರೆ ಏರ್ ಫಿಲ್ಟರ್, ನಾಝಲ್, ಆಮೇಲೆ ಡೀಸೆಲ್ ಪಂಪ್. ಈ ಕ್ರಮದಲ್ಲೇ ನೋಡಿಸಿ. ಕೆಲವರು ಮೊದಲೇ ಪಂಪ್ ಬಿಚ್ಚಿಸಿ, ಕೊನೆಗೆ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿದ್ದನ್ನು ಕಂಡುಹಿಡಿಯುತ್ತಾರೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಗ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಬುಸುಬುಸು ಎಂದು ಹೊಗೆ ಉಗುಳಿದರೆ ಮೆಕ್ಯಾನಿಕ್ಕುಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಅದನ್ನೇ. ರಿಂಗ್, ಲೈನರ್ ಸವೆದಿವೆ. ಎಂಜಿನ್ ಇಳಿಸುವ ಕಾಲ ಬಂತು.

ಇಳಿಜಾರಿನಲ್ಲಿ ನಿಲ್ಲಿಸಿದ ಜೀಪು ಬೆಳಿಗ್ಗೆ ಸ್ಟಾರ್ಟ್ ಆಗದೆ ಸತಾಯಿಸುವುದು ನಮ್ಮ ಕಡೆ ಸಾಮಾನ್ಯ. ಎಂಜಿನ್ ಹೋಯಿತು ಅಂತ ಹೆದರಬೇಡಿ. ಹೆಚ್ಚಿನ ಸಲ ಡೀಸೆಲ್ ಪೈಪಿನಲ್ಲಿ ಎಲ್ಲೋ ಏರ್ ಎಳೆಯುತ್ತಿರುತ್ತದೆ. ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಫಿಲ್ಟರಿನ ಹತ್ತಿರ ಡೀಸೆಲ್‌ಗೆ ತಡೆಯುವ ಪಾರದರ್ಶಕ ಪೈಪಿನ ತುಂಡೊಂದನ್ನು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ವಾಷರ್, ಕ್ಲಿಪ್, ಒಡೆದ ರಬ್ಬರ್ ಪೈಪ್ ಬದಲಿಸಿ ಏರ್ ತೆಗೆದರೆ ಮುಗಿಯಿತು.

ಗೇರ್ ಪರೀಕ್ಷೆ ಇಳಿಜಾರಿನಲ್ಲೇ ಮಾಡಬೇಕು. ಫೋರ್ ವ್ಹೀಲ್ ಲಿವರಿನ ಲೋ (ನಿಧಾನದ ಗೇರ್ ಸಾಲು) ಹಾಕಿ, ಎರಡನೇ ಗೇರಿನಲ್ಲಿ ಕಾಲು ತೆಗೆದು ಇಳಿಯಿರಿ. ಗೇರ್ ಹಾರಿದರೆ ಆ ಗಾಡಿಯಲ್ಲಿ ಮೂಟೆ, ಜನ ಎರಡನ್ನೂ ಹೇರಬೇಡಿ, ಮೊದಲು ಸರಿ ಮಾಡಿಸಿ. ಬ್ರೇಕ್ ಡ್ರಮ್ಮಿಗೆ ತೋಡಿನ ನೀರು ಹೊಕ್ಕ ದಿನ ನಿಮ್ಮನ್ನು ಹಿಡಿದಿಡುವುದು ಆ ಗೇರೇ. ಸ್ಟೀರಿಂಗ್ ನಡುಗುವುದಕ್ಕೆ ಜನ ಸುಮ್ನೆ ಅಲೈನ್‌ಮೆಂಟ್ ಮಾಡಿಸುತ್ತಾ ಕೂರುತ್ತಾರೆ. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಕಿಂಗ್ ಪಿನ್ ಇಲ್ಲವೇ ಹಬ್ ಬೇರಿಂಗ್. ಎಡಬಲಕ್ಕೆ ಮಾತ್ರ ಅಲ್ಲಾಡಿದರೆ ಟೈ ರಾಡ್ ಎಂಡ್ ನೋಡಿ.

ರಿಪೇರಿಯಲ್ಲಿ ಎರಡು ದಾರಿ. ಒಂದು, ಹಾಳಾದಂತೆ ಬದಲಿಸುತ್ತಾ ಹೋಗುವುದು. ತೋಟದೊಳಗೆ ಮಾತ್ರ ಓಡುವ ಜೀಪಿಗೆ ಇದು ಸಾಕು. ಇನ್ನೊಂದು, ಬಾಡಿ ಎತ್ತಿ ಚಾಸಿ ತೊಳೆದು, ಎಂಜಿನ್, ಗೇರ್ ಬಾಕ್ಸ್, ಆಕ್ಸಲ್ ಎಲ್ಲವನ್ನೂ ಒಂದೇ ಸಲ ಕಟ್ಟುವುದು. ಹಣದಲ್ಲಿ ಇದು ವಾಪಸ್ ಬರುವ ಲೆಕ್ಕ ಅಲ್ಲ. ಅಪ್ಪನ ಜೀಪು ಎಂಬ ಪ್ರೀತಿಗೆ ಮಾಡಿಸುವುದಾದರೆ ಹಾಗಂತ ಒಪ್ಪಿಕೊಂಡೇ ಮಾಡಿಸಿ, ಅದರಲ್ಲಿ ತಪ್ಪೇನೂ ಇಲ್ಲ. ಎರಡರ ಮಧ್ಯೆ ನಿಲ್ಲುವುದೇ ನಷ್ಟ: ಹೊಸ ಬಣ್ಣ, ದಪ್ಪ ಟೈರು, ಮೇಲೊಂದು ಲೈಟ್ ಬಾರ್ ಹಾಕಿಸಿ, ಒಳಗೆ ಅದೇ ಸೋರುವ ಸೀಲು.

ಬೇರೆ ಕಂಪನಿಯ ಎಂಜಿನ್ ಕೂರಿಸೋಣ ಎಂಬ ಸಲಹೆಯೂ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದು ಸ್ಪಷ್ಟವಾಗಿದೆ. ಕಂಪನಿ ಕೊಟ್ಟ ಮೂಲ ರೂಪಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಅದೇ ಮಾದರಿಯ ಎಂಜಿನ್ ಹಾಕಿಸುವುದಾದರೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಂಬರ್ ತಿದ್ದಿಸಬೇಕು. ನವೀಕರಣಕ್ಕೆ ಹೋದಾಗ ನೋಡುವುದು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ.

ಜಿಪ್ಸಿ

1985ರ ಕೊನೆಗೆ ಬಂದ ಜಿಪ್ಸಿಗೆ ಇದ್ದದ್ದು 970 ಸಿಸಿ ಪೆಟ್ರೋಲ್ ಎಂಜಿನ್. 1996ರಲ್ಲಿ 1300 ಸಿಸಿ ಕಿಂಗ್ ಬಂತು, 2000ದಲ್ಲಿ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಎಂಜಿನ್) ಆಯಿತು. ಕೊಳ್ಳುವುದಾದರೆ ಎಂಪಿಎಫ್‌ಐ ನೋಡಿ. ಮಳೆಗಾಲದ ಬೆಳಿಗ್ಗೆ ಕಾರ್ಬ್ಯುರೇಟರ್ ಜೊತೆ ಗುದ್ದಾಡುವ ತಾಳ್ಮೆ ಇದ್ದವರಿಗೆ ಮಾತ್ರ ಹಳೆಯದು.

ಇದರ ದೊಡ್ಡ ಗುಣ ಹಗುರ. ಖಾಲಿ ತೂಕ ಒಂದು ಟನ್ನಿನ ಆಸುಪಾಸು. ಜೀಪು ಹೂತುಹೋಗುವ ಕೆಸರಿನ ಮೇಲೆ ಇದು ತೇಲಿಕೊಂಡು ಹೋಗುತ್ತದೆ. ಹೂತರೂ ನಾಲ್ಕು ಜನ ಸೇರಿ ತಳ್ಳಬಹುದು. ಸ್ಟಾರ್ಟ್ ಎಂದರೆ ಸ್ಟಾರ್ಟ್. ಸಿದ್ದಾಪುರ, ಮಾಲ್ದಾರೆ ಕಡೆಯವರಿಗೆ ಇದರ ಬೆಲೆ ಗೊತ್ತು. ತಿರುವಿನಲ್ಲಿ ಆನೆ ನಿಂತಿರುವಾಗ ಹೀಟರ್ ಕಾಯುವವರೆಗೆ ಕೂರಲು ಆಗಲ್ಲ, ಅಲ್ವಾ?

ಕಳೆದುಕೊಳ್ಳುವುದು ಎರಡು. ಪೆಟ್ರೋಲ್ ಖರ್ಚು ಜಾಸ್ತಿ, ಅದರಲ್ಲೂ ಲೋ ಗೇರಿನಲ್ಲಿ ಓಡುವಾಗ. ಮತ್ತೆ, ಎಂಜಿನ್ನಿನ ಶಕ್ತಿ ಬರುವುದು ಜೋರಾಗಿ ತಿರುಗಿಸಿದಾಗ. ಮೂಟೆ ಹೇರಿಕೊಂಡು ಡೀಸೆಲ್ ಜೀಪಿನ ಹಾಗೆ ಕಾಲು ತೆಗೆದು ಹತ್ತಿಸಲು ಹೋದರೆ ಆಫ್ ಆಗುತ್ತದೆ, ಇಲ್ಲಾ ಕ್ಲಚ್ ಸುಡುತ್ತದೆ. ಹಾಗಾಗಿ ಹೇರು ಹೊರಲು ಇದನ್ನು ತರಬೇಡಿ.

ನೋಡುವಾಗ ತಗಡು ಮುಖ್ಯ. ಡೋರಿನ ಅಡಿ, ವಿಂಡ್‌ಶೀಲ್ಡ್ ಫ್ರೇಮಿನ ಬುಡ, ಹಿಂದಿನ ಫ್ಲೋರ್ ಒತ್ತಿ ನೋಡಿ. ಇದರಲ್ಲಿ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ಮಧ್ಯೆ ಒಂದು ಗಿಡ್ಡ ಶಾಫ್ಟ್ ಇದೆ. ಅದರ ರಬ್ಬರ್ ಮೌಂಟು ಸವೆದರೆ ಗಾಡಿ ಎಳೆಯುವಾಗ ಗಡಗಡ ನಡುಗುತ್ತದೆ. ಸದ್ದು ಕೇಳಿ ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ಆ ಮೌಂಟನ್ನು, ಶಾಫ್ಟಿನ ತುದಿಯ ಕೀಲಾದ ಕ್ರಾಸನ್ನು ನೋಡಿ. ಮುಂದಿನ ಚಕ್ರದ ಒಳಬದಿಯ ಗುಂಡಿನ ಸುತ್ತ ಗ್ರೀಸು, ಆಯಿಲು ಒಸರಿದ್ದರೆ ಸೀಲ್ ಹೋಗಿದೆ. ಅದನ್ನು ಬಿಟ್ಟು ಒಂದು ಮಳೆಗಾಲ ಓಡಿಸಿದರೆ ಬೇರಿಂಗೂ ಹೋಗುತ್ತದೆ.

ಸೇನೆಯ ಹರಾಜಿನಿಂದ ಬಂದ ಜಿಪ್ಸಿಗಳು ಅಗ್ಗಕ್ಕೆ ಸಿಗುತ್ತವೆ. ಕಾಗದ ನಿಮ್ಮ ಹೆಸರಿಗೆ ಆಗುವವರೆಗೆ ಪೂರ್ತಿ ಹಣ ಕೊಡಬೇಡಿ. ಇದರ ತಯಾರಿಕೆ ನಿಂತು ವರ್ಷಗಳಾಗಿವೆ. ಎಂಜಿನ್ನಿನ ಸಾಮಾನು ಸಿಗುತ್ತದೆ. ಬಾಡಿಯ ಒಳ್ಳೆ ಪ್ಯಾನೆಲ್ಲಿಗೆ ಅಲೆಯಬೇಕು.

ಮೊದಲ ಥಾರ್

2010ರಿಂದ 2020ರವರೆಗಿನ ಥಾರ್‌ನಲ್ಲಿ ಎರಡು ಬೇರೆ ಬೇರೆ ಗಾಡಿಗಳಿವೆ ಎಂದುಕೊಂಡರೆ ಗೊಂದಲ ಕಡಿಮೆ.

ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್) ಎಂದರೆ ಹಳೇ ಜೀಪಿನ ತಮ್ಮ. 2523 ಸಿಸಿ ಎಂಜಿನ್, ಸುಮಾರು 63 ಕುದುರೆಶಕ್ತಿ, ಸದ್ದು ಜೋರು. ಬೊಲೆರೊ ಪಿಕಪ್ಪುಗಳಲ್ಲಿ ದುಡಿದ ಎಂಜಿನ್ ಮನೆತನ ಇದು. ಅದಕ್ಕೇ ಕೈ ಹಾಕುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಡಿಐಯಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಟೂ ವ್ಹೀಲ್ ಡ್ರೈವ್ ಗಾಡಿಗಳೂ ಇವೆ. ಫೋರ್ ವ್ಹೀಲ್ ಲಿವರ್ ಇದೆಯಾ, ಮುಂದಿನ ಆಕ್ಸಲ್ಲಿಗೆ ಶಾಫ್ಟ್ ಹೋಗಿದೆಯಾ ಎಂದು ಬಗ್ಗಿ ನೋಡಿ, ಆರ್‌ಸಿಯನ್ನೂ ಓದಿ.

ಸಿಆರ್‌ಡಿಇ (ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಡೀಸೆಲ್) ಎಂದರೆ 2498 ಸಿಸಿ, 105 ಕುದುರೆಶಕ್ತಿ. ಸಂಪಾಜೆ ಘಾಟಿಯಲ್ಲಿ ಲಾರಿ ದಾಟಲು ಧೈರ್ಯ ಬರುವುದು ಈ ಮೂರರಲ್ಲಿ ಇದರಲ್ಲೇ. 2015ರ ನಂತರದ ಸಿಆರ್‌ಡಿಇಗೆ ಹಿಂದಿನ ಆಕ್ಸಲ್ಲಿನಲ್ಲಿ ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್ ಇದೆ. ಒಂದು ಚಕ್ರ ಗಾಳಿಯಲ್ಲಿ ಸುತ್ತುವಾಗ ಅದು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಮಾಂದಲ್‌ಪಟ್ಟಿಯ ಕೊರಕಲು ಹತ್ತಿದವರಿಗೆ ಹೇಳಬೇಕಿಲ್ಲ. ರಜೆಯಲ್ಲಿ ಬೆಟ್ಟ, ವಾರಕ್ಕೊಮ್ಮೆ ಮೈಸೂರು ಎನ್ನುವವರಿಗೆ ಇದೇ ಸರಿ.

ಆದರೆ ಇಲ್ಲಿ ಸುತ್ತಿಗೆ, ಸ್ಪ್ಯಾನರಿನ ಆಟ ಪೂರ್ತಿ ನಡೆಯುವುದಿಲ್ಲ. ಡೀಸೆಲ್‌ನಲ್ಲಿ ನೀರು ಸೇರಿದರೆ ಪಂಪ್, ಇಂಜೆಕ್ಟರ್ ರಿಪೇರಿ ದುಬಾರಿ. ಕ್ಯಾನಿನಲ್ಲಿ ಡೀಸೆಲ್ ತಂದು ಶೆಡ್ಡಿನಲ್ಲಿ ಇಡುವ ಅಭ್ಯಾಸ ಇದ್ದವರು ಫಿಲ್ಟರಿನ ನೀರು ತೆಗೆಯುವುದನ್ನು ಮರೆಯಬಾರದು. ಮಳೆಗಾಲದಲ್ಲಿ ನಿಲ್ಲಿಸಿಟ್ಟ ಗಾಡಿಯ ವೈರನ್ನು ಇಲಿ ಕಡಿದರೆ ಜೀಪಿನಲ್ಲಿ ಲೈಟ್ ಹೋಗುತ್ತದೆ, ಇದರಲ್ಲಿ ಎಂಜಿನ್ನೇ ಸ್ಟಾರ್ಟ್ ಆಗದಿರಬಹುದು. ಮುಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇರುವುದರಿಂದ ಓಟ ಸುಖ. ಅದರ ಬದಲಿಗೆ ಬಾಲ್ ಜಾಯಿಂಟ್, ಆಕ್ಸಲ್ಲಿನ ರಬ್ಬರ್ ಬೂಟ್ ನೋಡಿಕೊಳ್ಳುವ ಕೆಲಸ ಸೇರುತ್ತದೆ. ಬೂಟ್ ಹರಿದು ಕೆಸರು ಹೊಕ್ಕರೆ ಜಾಯಿಂಟ್ ತಿರುಗುವಾಗ ಕಟಕಟ ಎನ್ನಲು ಶುರು. ಫೋರ್ ಹಾಕಿದರೂ ಮುಂದಿನ ಚಕ್ರ ಎಳೆಯದಿದ್ದರೆ ಹಬ್ಬಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ಮೊದಲು ನೋಡಿಸಿ. ಒಡೆದ ಪೈಪಿಗೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಬೇಡಿ.

ಪ್ರವಾಸಿಗರನ್ನು ಬೆಟ್ಟಕ್ಕೆ ಹೊತ್ತ ಗಾಡಿಗಳು ಮಾರಾಟಕ್ಕೆ ಬರುತ್ತವೆ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಎಂದು ಬೀಗಬೇಡಿ. ಆ ಕಿಲೋಮೀಟರುಗಳೆಲ್ಲ ಮೊದಲನೇ ಗೇರಿನಲ್ಲಿ, ಕಲ್ಲಿನ ಮೇಲೆ ಆಗಿರುತ್ತವೆ. ಕ್ಲಚ್, ಪ್ಲೇಟ್ ಸೆಟ್ಟು, ಕ್ರಾಸ್ ಮೂರೂ ಹೊಸದು ಬೇಕು ಎಂದೇ ಲೆಕ್ಕ ಹಾಕಿ ಬೆಲೆ ಕೇಳಿ.

ಯಾರಿಗೆ ಯಾವುದು

ಕೈಯಲ್ಲಿ ಹಣ ಕಡಿಮೆ, ತೋಟದೊಳಗಿನ ಹೇರು ಮುಖ್ಯ, ಜೀಪಿನ ಚಾಸಿ ಗಟ್ಟಿ ಇದೆ ಎಂದಾದರೆ ಯೋಚನೆಯೇ ಬೇಡ. ಇರುವ ಜೀಪನ್ನೇ ಉಳಿಸಿಕೊಳ್ಳಿ. ಮೊದಲ ಖರ್ಚು ಬ್ರೇಕಿಗೆ, ಎರಡನೆಯದು ಸ್ಟೀರಿಂಗಿಗೆ, ಎಂಜಿನ್ ಆಮೇಲೆ. ಚಾಸಿ ಹೋಗಿದ್ದು ಹೇರು ಕೆಲಸ ಇನ್ನೂ ಇದ್ದರೆ ಡಿಐ ಥಾರ್, ಅದೂ ಸಿಗದಿದ್ದರೆ ಬೊಲೆರೊ ಕ್ಯಾಂಪರ್ ಫೋರ್ ವ್ಹೀಲ್ ನೋಡಿ.

ಮನೆ ಗಲಿಬೀಡು, ಕಕ್ಕಬ್ಬೆ, ಶಾಂತಳ್ಳಿಯಂಥ ಜಾಸ್ತಿ ಮಳೆಯ ಕಡೆ ಇದ್ದು, ದಿನಾ ಓಡುವುದು ಹತ್ತಾರು ಕಿಲೋಮೀಟರ್ ಮಾತ್ರ, ಹೇರು ಇಲ್ಲ ಎಂದಾದರೆ ಜಿಪ್ಸಿ. ಅಷ್ಟು ಕಡಿಮೆ ಓಟದಲ್ಲಿ ಪೆಟ್ರೋಲ್ ಖರ್ಚು ಹೆದರಿಸುವಷ್ಟು ಆಗುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಜೀಪು, ಜಿಪ್ಸಿ ಎರಡರ ಹಿಂದಿನ ಸೀಟಿನಲ್ಲಿ ಒಮ್ಮೆ ಅವರನ್ನು ಕೂರಿಸಿ ಓಡಿಸಿ ನೋಡಿ, ಆಮೇಲೆ ತೀರ್ಮಾನಿಸಿ. ಹೆದ್ದಾರಿಯೂ ಬೆಟ್ಟವೂ ಬೇಕು, ವರ್ಷಕ್ಕೊಮ್ಮೆ ದೊಡ್ಡ ಬಿಲ್ಲು ಬಂದರೂ ತಡೆದುಕೊಳ್ಳುತ್ತೇನೆ ಎನ್ನುವವರಿಗೆ ಸಿಆರ್‌ಡಿಇ.

ಮೂರರಲ್ಲಿ ಯಾವುದನ್ನು ತಂದರೂ ಬಿಡಬಾರದ ಕೆಲವು ಅಭ್ಯಾಸಗಳಿವೆ. ಡಾಂಬರಿನ ಮೇಲೆ ಫೋರ್ ಹಾಕಿ ಓಡಿಸಬೇಡಿ. ಮುಂದಿನ ಹಿಂದಿನ ಚಕ್ರಗಳ ಓಟದ ವ್ಯತ್ಯಾಸ ಶಾಫ್ಟಿನಲ್ಲೇ ಬಿಗಿದುಕೊಂಡು ಲಿವರ್ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಜಗ್ಗಾಡದೆ ನಾಲ್ಕಾರು ಅಡಿ ರಿವರ್ಸ್ ತೆಗೆಯಿರಿ, ಬಿಡುತ್ತದೆ. ಆಳದ ನೀರು ದಾಟಿ ಬಂದ ವಾರವೇ ಎರಡೂ ಆಕ್ಸಲ್ಲಿನ ಆಯಿಲ್ ಪರೀಕ್ಷಿಸಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ, ಆಕ್ಸಲ್ಲಿಗೆ ಗಾಳಿಯಾಡುವ ಬ್ರೀದರ್ ಕಟ್ಟಿದೆಯಾ ನೋಡಿ. ಗ್ರೀಸ್ ಹೊಡೆಯುವುದನ್ನು ಸೆಪ್ಟೆಂಬರ್‌ನಲ್ಲಿ ಬರುವ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ತಪ್ಪದೆ ಮಾಡಿಸುವವರಿದ್ದಾರೆ. ಒಳ್ಳೆಯದೇ, ಆದರೆ ಜೂನ್‌ಗೆ ಮೊದಲು ಒಂದು ಸಲ, ಮಳೆಯ ಮಧ್ಯೆ ಒಂದು ಸಲ ಬೇಕೇ ಬೇಕು. ಗೊಬ್ಬರ, ಮೈಲುತುತ್ತ ಸಾಗಿಸಿದ ದಿನ ಸಂಜೆ ಮ್ಯಾಟ್ ಎತ್ತಿ ಹಿಂದಿನ ಫ್ಲೋರಿಗೆ ನೀರು ಬಿಡಿ.

ಸೆಕೆಂಡ್ ಹ್ಯಾಂಡ್ ನೋಡಲು ಜುಲೈ ತಿಂಗಳು ಒಳ್ಳೆಯದು. ಸೋರುವ ಹುಡ್ಡು, ಒದ್ದೆ ಫ್ಲೋರು, ಮಳೆಗೆ ಸ್ಟಾರ್ಟ್ ಆಗದ ಎಂಜಿನ್ ಎಲ್ಲವೂ ತಾವಾಗಿ ತೋರಿಸಿಕೊಳ್ಳುತ್ತವೆ. ಬರುವ ಹಿಂದಿನ ದಿನವೇ ಫೋನ್ ಮಾಡಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಿ. ಹೋದ ಕೂಡಲೇ ಬಾನೆಟ್ ಎತ್ತಿ ರೇಡಿಯೇಟರ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅವರ ಮನೆಯ ಕಾಫಿ ಕುಡಿದು, ಇನ್ನೊಂದು ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಎದ್ದು ಬನ್ನಿ.